ಹದಿನಾಲ್ಕು ಮೀಟರ್ ಅರವತ್ತು

ನನ್ನ ಕೆಲಸ ಅಳೆಯುವುದು. ಯಾರಾದರೂ ಏನನ್ನಾದರೂ ಕಟ್ಟುವ ಮೊದಲು ಅಥವಾ ಕೆಡವುವ ಮೊದಲು, ಅಲ್ಲಿ ಈಗ ಏನೇನಿದೆ ಎಂದು ಅಳೆದು ಬರೆದುಕೊಂಡು ಬರಬೇಕು. ನಗರಸಭೆಯ ನಕ್ಷೆ ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ. ಆದರೆ ಇವಳ ಅಳತೆ ತಪ್ಪಿದೆ ಎಂದು ಯಾರೂ ಒಂದು ದಿನವೂ ಹೇಳಿಲ್ಲ. ಅದಕ್ಕೇ ಇದನ್ನು ಹೇಳಲು ನನಗೆ ಇಷ್ಟು ಕಷ್ಟವಾಗುತ್ತಿದೆ.

ಹಳೇ ಊರಿನ ಕೋಟೆಗೋಡೆ ಮುಗಿದು ಹೊಸ ಊರಿನ ರಸ್ತೆ ಶುರುವಾಗುವಲ್ಲಿ ಒಂದು ಚೌಕವಿದೆ. ಗೋಡೆಯ ಒಳಗಿನ ಬೀದಿಗಳಲ್ಲಿ ಬಸ್ಸು ಹಿಡಿಯುವುದಿಲ್ಲ, ಹಾಗಾಗಿ ಎಲ್ಲ ಬಸ್ಸುಗಳೂ ಇಲ್ಲಿಗೆ ಬಂದು ಹೊಗೆ ಬಿಟ್ಟು ತಿರುಗಿ ಹೋಗುತ್ತವೆ. ಒಂದು ದೊಡ್ಡ ಮರ, ಮೂರು ದೀಪದ ಕಂಬ, ನೀರು ಬಾರದ ಒಂದು ನಲ್ಲಿ. ಗೋಡೆಗುಂಟ ಗೂಡಂಗಡಿಗಳು. ಹೆಬ್ಬಾಗಿಲಿಗೂ ಮೊದಲನೇ ಬುರುಜಿಗೂ ನಡುವೆ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಹಸಿರು ಪೆಟ್ಟಿಗೆ ಅಂಗಡಿ ನಮ್ಮ ಅಣ್ಣನದು.

ಅಣ್ಣ ಬೀಗ ರಿಪೇರಿಯವನು. ಮೊದಲು ಆ ಪೆಟ್ಟಿಗೆಯಲ್ಲಿ ಅಪ್ಪ ಕೂರುತ್ತಿದ್ದರು. ಅಪ್ಪ ತೀರಿಕೊಂಡ ವಾರವೇ ಅಣ್ಣ ಕೂತ. ಆಗ ಅವನಿಗೆ ಇಪ್ಪತ್ತೇಳು, ನಾನಿನ್ನೂ ಡ್ರಾಯಿಂಗ್ ಓದುತ್ತಿದ್ದೆ. ಪೆಟ್ಟಿಗೆಗೆ ನಾಲ್ಕು ಕಬ್ಬಿಣದ ಚಕ್ರಗಳಿದ್ದವು. ಒಂದು ಕಾಲದಲ್ಲಿ ಸಂಜೆ ಮನೆಗೆ ತಳ್ಳಿಕೊಂಡು ಬರುತ್ತಿದ್ದರಂತೆ. ನನಗೆ ನೆನಪಿದ್ದಾಗಿನಿಂದ ಆ ಚಕ್ರಗಳು ಅಚ್ಚಿನವರೆಗೂ ನೆಲದಲ್ಲಿ ಹೂತೇ ಇದ್ದವು. ಪರವಾನಗಿ ಅಪ್ಪನ ಹೆಸರಿನಲ್ಲಿತ್ತು, ಅಪ್ಪನ ಜೊತೆಗೇ ಅದೂ ಹೋಯಿತು. ಮತ್ತೆ ಮಾಡಿಸು ಮಾರಾಯ ಎಂದು ನಾನು ನೂರು ಸಲ ಹೇಳಿರಬೇಕು. "ಯಾರೂ ಕೇಳಿಲ್ವಲ್ಲ ಪುಟ್ಟಿ" ಎನ್ನುತ್ತಿದ್ದ. ನನಗೆ ಐವತ್ತನಾಲ್ಕು ವರ್ಷ, ಅವನಿಗೆ ಈಗಲೂ ನಾನು ಪುಟ್ಟಿ.

ಅವನ ಕಸುಬಿಗೆ ಒಂದು ಕಟ್ಟುಪಾಡಿತ್ತು. ಸೋಪಿನ ಮೇಲೆ ಅಚ್ಚು ಒತ್ತಿಕೊಂಡು ಬಂದವರಿಗೆ ಬೀಗದ ಕೈ ಮಾಡಿಕೊಡುತ್ತಿರಲಿಲ್ಲ. ಬಾಗಿಲು ತೋರಿಸಿ, ಆಮೇಲೆ ಮಾತು ಎನ್ನುತ್ತಿದ್ದ. ಚೀಲ ಹೆಗಲಿಗೆ ಹಾಕಿಕೊಂಡು ಅವರ ಮನೆಯವರೆಗೂ ಹೋಗಿ, ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ, ಆಮೇಲೆ ಅರ ಕೈಗೆತ್ತಿಕೊಳ್ಳುತ್ತಿದ್ದ. ಒಂದು ಸುಳ್ಳು ಹೇಳಿದ ಬೀಗದವನ ಹತ್ತಿರ ಎರಡನೇ ಗಿರಾಕಿ ಬರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅಣ್ಣ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ, ಅತ್ತಿಗೆ ಅಡುಗೆ ಹೇಗಿದೆ ಎಂದು ಕೇಳಲು ಹೆದರುತ್ತಿದ್ದಳು.

ಚೌಕವನ್ನು ಹೊಸದಾಗಿ ಕಟ್ಟುತ್ತಾರೆ ಎಂಬ ಸುದ್ದಿ ಬಂತು. ನೆಲಕ್ಕೆ ಕಲ್ಲು ಹಾಸು, ನಡುವೆ ಕಾರಂಜಿ, ಕೋಟೆಗೋಡೆ ಬರಿದಾಗಿ ಕಾಣಬೇಕು, ಅದಕ್ಕೆ ಕೆಳಗಿನಿಂದ ದೀಪ. ಊರಿನ ಚರಂಡಿಗಳು ಅರ್ಧಕ್ಕರ್ಧ ಒಡೆದಿವೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದ ಟೇಪಣ್ಣ. ಟೇಪಣ್ಣ ಎಂದರೆ ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯುವವನು. ಮೂವತ್ತೊಂದು ವರ್ಷವೂ ನನ್ನ ಕೋಪ ಸಹಿಸಿಕೊಂಡು ಆ ತುದಿಯಲ್ಲೇ ನಿಂತಿದ್ದಾನೆ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಪರವಾನಗಿ ಇರುವುದನ್ನು ಕಪ್ಪು ಗೆರೆಯಲ್ಲಿ ಬರೆಯುತ್ತೇವೆ. ಪರವಾನಗಿ ಇಲ್ಲದ್ದನ್ನು ಬರೆದು ಮೇಲೊಂದು ಕೆಂಪು ಕತ್ತರಿ ಗುರುತು ಹಾಕುತ್ತೇವೆ. ಚಕ್ರದ ಮೇಲಿರುವುದನ್ನು ಬರೆಯುವುದೇ ಇಲ್ಲ, ಅದು ಇವತ್ತು ಇಲ್ಲಿ, ನಾಳೆ ಅಲ್ಲಿ. ಕತ್ತರಿ ಬಿದ್ದ ಪಟ್ಟಿ ನೇರವಾಗಿ ತೆರವು ವಿಭಾಗಕ್ಕೆ ಹೋಗುತ್ತದೆ. ಚೌಕದ ಈ ಸುದ್ದಿ ಬರುವ ಹಿಂದಿನ ವರ್ಷ ಬಸ್ ನಿಲ್ದಾಣದ ಹಿಂದೆ ನಾನು ಹನ್ನೊಂದು ಕತ್ತರಿ ಹಾಕಿದ್ದೆ. ಒಂದೇ ವಾರದಲ್ಲಿ ಹನ್ನೊಂದೂ ಹೋದವು. ಒಬ್ಬಳು ಹೆಂಗಸು ತನ್ನ ಇಸ್ತ್ರಿ ಮೇಜನ್ನು ತಲೆಯ ಮೇಲೆ ಹೊತ್ತುಕೊಂಡು ಹೋದದ್ದನ್ನು ಕಿಟಕಿಯಿಂದ ನೋಡಿದ್ದೆ. ನೋಡಿ ಮತ್ತೆ ಬೋರ್ಡಿನ ಕಡೆ ತಿರುಗಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ಚೌಕದ ಅಳತೆಗೆ ಹೋದೆವು. ಮಧ್ಯಾಹ್ನದೊಳಗೆ ಎಂಟು ಗೂಡಂಗಡಿ ಬರೆದೆ, ಎಂಟಕ್ಕೂ ಕತ್ತರಿ ಹಾಕಿದೆ. ಹಣ್ಣಿನಜ್ಜಿ ನನ್ನ ಕೆಂಪು ಪೆನ್ಸಿಲನ್ನೇ ನೋಡುತ್ತಿದ್ದಳು. "ನನ್ನ ಮೇಲೂ ಗೀಚಿದ್ಯಾ ತಾಯಿ?" ಎಂದು ಕೇಳಿದಳು. ನಾನು ಪುಸ್ತಕದ ಹಾಳೆ ತಿರುವಿದೆ. ಕೊನೆಗೆ ಅಣ್ಣನ ಪೆಟ್ಟಿಗೆ ಬಂತು.

ಅಣ್ಣ ಅಂಗಿಯ ತೋಳು ಮಡಚಿ, ಅಳತೆ ಕೊಡಲು ಬಂದವನಂತೆ ನೆಟ್ಟಗೆ ನಿಂತ. "ಹೊಟ್ಟೆ ಬಿಟ್ಟು ಅಳೆ. ಕಾಗದ ಸಾಲಲ್ಲ" ಎಂದ. ಟೇಪಣ್ಣ ನಕ್ಕ. ನನಗೆ ನಗು ಬರಲಿಲ್ಲ.

ಪೆಟ್ಟಿಗೆ ಗೋಡೆಗೇ ಅಂಟಿಕೊಂಡಿದ್ದರಿಂದ ಹೆಬ್ಬಾಗಿಲಿನಿಂದ ಬುರುಜಿಗೆ ಟೇಪು ನೇರವಾಗಿ ಹೋಗುವಂತಿರಲಿಲ್ಲ. ಮೂರು ತುಂಡಾಗಿ ಅಳೆದೆವು. ಬಾಗಿಲಿನಿಂದ ಪೆಟ್ಟಿಗೆಗೆ ಆರು ಮೂವತ್ತು. ಪೆಟ್ಟಿಗೆಯ ಅಗಲ ಎರಡು ಹತ್ತು. ಪೆಟ್ಟಿಗೆಯಿಂದ ಬುರುಜಿಗೆ ಆರು ಇಪ್ಪತ್ತು. ಮೂರನ್ನೂ ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ಕೆಂಪು ಪೆನ್ಸಿಲ್ ಎತ್ತಲು ನನ್ನ ಕೈ ಬರಲಿಲ್ಲ.

"ಮೇಡಂ, ಇದನ್ನ ಹೇಗೆ ಬರೀತೀರಾ?" ಎಂದು ಟೇಪಣ್ಣ ಮೆತ್ತಗೆ ಕೇಳಿದ.

"ಅದಕ್ಕೆ ಚಕ್ರ ಇದೆ."

ಅವನು ಹೂತುಹೋದ ಚಕ್ರಗಳನ್ನು ನೋಡಿದ, ನನ್ನನ್ನು ನೋಡಿದ, ಟೇಪು ಸುತ್ತಿಕೊಂಡ.

ಆಫೀಸಿಗೆ ಬಂದು ನಕ್ಷೆ ಬರೆಯುವಾಗ ಮೂರು ಅಂಕಿ ಕೂಡಿಸಿದೆ. ಹೆಬ್ಬಾಗಿಲಿನಿಂದ ಬುರುಜಿಗೆ ಒಂದೇ ಗೆರೆ ಎಳೆದೆ, ಮೇಲೆ ಹದಿನಾಲ್ಕು ಮೀಟರ್ ಅರವತ್ತು ಎಂದು ಬರೆದೆ. ನಕ್ಷೆಯಲ್ಲಿ ಇಲ್ಲದವನನ್ನು ತೆರವು ವಿಭಾಗದವರು ಹುಡುಕಿಕೊಂಡು ಬರುವುದಿಲ್ಲ, ಕೆಲಸ ಶುರುವಾಗುವವರೆಗೆ ಒಂದೆರಡು ವರ್ಷ ಸಿಗುತ್ತದೆ, ಅಷ್ಟರಲ್ಲಿ ಅವನ ಕಿವಿ ಹಿಂಡಿಯಾದರೂ ಪರವಾನಗಿ ಮಾಡಿಸುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಸಿದೆ ಎಂದುಕೊಂಡೆ. ಅವತ್ತು ಮನೆಗೆ ಹೋಗುವಾಗ ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡದ್ದೂ ನಿಜ.

ಮೂರು ತಿಂಗಳಲ್ಲಿ ಹಳೇ ಅಧಿಕಾರಿಗೆ ವರ್ಗವಾಯಿತು. ಹೊಸಬರು ಬಂದರು. ಕನ್ನಡಕವನ್ನು ಹಣೆಗೇರಿಸಿಕೊಂಡು ಕನ್ನಡಕ ಹುಡುಕುವ ಮನುಷ್ಯ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಬೈಯಲಾದರೂ ಯಾರಾದರೂ ಸಿಗುತ್ತಿದ್ದರು. ಬಂದ ಮೊದಲ ಸಭೆಯಲ್ಲೇ ಅವರು ಹೇಳಿದರು: "ಇಷ್ಟು ವರ್ಷ ಕೂತು ತಿಂದ ಜಾಗದಿಂದ ಜನರನ್ನ ಎಬ್ಬಿಸಿ ಕಾರಂಜಿ ಕಟ್ಟೋಕಾಗಲ್ಲ. ಪರವಾನಗಿ ಇರಲಿ ಬಿಡಲಿ, ಅಳತೆ ದಿನ ಅಲ್ಲಿದ್ದೋರಿಗೆಲ್ಲ ಎದುರು ಸಾಲಲ್ಲಿ ಮಳಿಗೆ ಕೊಡಿ. ನಕ್ಷೇಲಿ ಎಷ್ಟಿದೆ?"

"ಎಂಟು" ಎಂದರು ಯಾರೋ. ನಾನು ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದೆ.

ನಾನು ಕತ್ತರಿ ಹಾಕಿದ ಎಂಟು ಜನರಿಗೂ ಅಂಗಡಿ ಬಂತು. ಎರಡು ವರ್ಷದ ಹಿಂದೆ ಎಲ್ಲಿಂದಲೋ ಬಂದು ಮೊಬೈಲ್ ಕವರ್ ಮಾರುತ್ತಿದ್ದವನಿಗೂ ಬಂತು. ಹಣ್ಣಿನಜ್ಜಿ ಆಫೀಸಿನ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ ನನ್ನ ಎರಡೂ ಕೈ ಹಿಡಿದಳು. "ಅವತ್ತು ಮನಸಲ್ಲೇ ನಿಂಗೆ ಶಾಪ ಹಾಕಿದ್ದೆ ತಾಯಿ. ನೀನು ಬರೆದಿದ್ದಕ್ಕೇ ನಂಗೆ ಬಾಗಿಲಿರೋ ಅಂಗಡಿ ಸಿಕ್ತು. ಬೀಗ ಹಾಕ್ಬೋದು ಇನ್ಮೇಲೆ. ನಿಮ್ಮಣ್ಣನ ಹತ್ರಾನೇ ತಗೋತೀನಿ" ಎಂದಳು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಅಣ್ಣನಿಗೆ ಹೇಳಲು ಧೈರ್ಯವಾಗದೆ ಮೂರು ವಾರ ಕಳೆದೆ. ಆ ಪೆಟ್ಟಿಗೆ ಹೋದರೆ ಅವನಿಗೆ ಕೆಲಸವೇ ಇಲ್ಲ ಎಂದು ನನಗೆ ಗೊತ್ತಿತ್ತು. ಮನೆ ಇರುವುದು ಮೂರನೇ ಮಹಡಿಯಲ್ಲಿ, ಒಂದು ಬೀಗದ ಕೈಗಾಗಿ ಅಷ್ಟು ಮೆಟ್ಟಿಲು ಯಾರು ಹತ್ತುತ್ತಾರೆ. ಆ ಮೂರು ವಾರವೂ ಅವನು ಚೌಕದಲ್ಲಿ ಎಲ್ಲರಿಗೂ ಧೈರ್ಯ ಹೇಳಿಕೊಂಡು ಓಡಾಡಿದ. "ನಕ್ಷೆ ಬರೆದೋಳು ನನ್ನ ತಂಗಿ. ನಂಗ್ಯಾಕೆ ಚಿಂತೆ?"

ಹೊಸ ಚೌಕದ ನಕ್ಷೆಯನ್ನೂ ಹಳೆಯದರದ್ದನ್ನೂ ನಗರಸಭೆಯ ಹಾಲಿನಲ್ಲಿ ಅಕ್ಕಪಕ್ಕ ತೂಗುಹಾಕಿದರು. ಅಣ್ಣ, ಅತ್ತಿಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದರು. ಅಣ್ಣ ಹಳೇ ನಕ್ಷೆಯ ಮೇಲೆ ಬೆರಳಿಟ್ಟ. ಬೀಗದ ಕೈಯ ಹಲ್ಲು ಎಣಿಸುವಾಗ ಹೇಗೆ ನಿಧಾನವಾಗಿ ಉಗುರು ಓಡಿಸುತ್ತಾನೋ ಹಾಗೆಯೇ ಓಡಿಸಿದ. ಮರ ಸಿಕ್ಕಿತು. ನಲ್ಲಿ ಸಿಕ್ಕಿತು. ಹಣ್ಣಿನಜ್ಜಿ, ಪೇಪರಿನವನು, ಮೊಬೈಲ್ ಕವರಿನವನು ಎಲ್ಲ ಸಿಕ್ಕರು. ಹೆಬ್ಬಾಗಿಲಿನಿಂದ ಬುರುಜಿಗೆ ಬೆರಳು ಹೋಯಿತು, ವಾಪಸ್ಸು ಬಂತು, ಮತ್ತೆ ಹೋಯಿತು.

"ಇಲ್ಲಲ್ವಾ ನಾನಿರೋದು?" ಎಂದು ಅತ್ತಿಗೆಯನ್ನು ಕೇಳಿದ.

ಅತ್ತಿಗೆ ನನ್ನ ಕಡೆ ತಿರುಗಿದಳು. ನಾನು ಹಾಲಿನ ಆ ತುದಿಯಲ್ಲಿದ್ದೆ. ನನ್ನ ಮುಖ ನೋಡಿದ್ದೇ ಅವಳಿಗೆ ಅರ್ಥವಾಗಿರಬೇಕು. ಮರುದಿನ ಬೆಳಿಗ್ಗೆಯೇ ಅಣ್ಣನ ಹೆಸರಿನಲ್ಲಿ ಒಂದು ಆಕ್ಷೇಪಣೆ ಬರೆದು ಆಫೀಸಿಗೆ ಕೊಟ್ಟುಹೋದಳು. ನನ್ನ ಮೇಜಿನ ಮುಂದೆಯೇ ಹಾದುಹೋದಳು, ಮಾತಾಡಿಸಲಿಲ್ಲ.

ನಾನು ಅಧಿಕಾರಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಹಣೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬೇಕಂತಲೇ ಬಿಟ್ರಾ?"

"ಹೌದು ಸರ್."

"ಅಯ್ಯೋ, ಏನಮ್ಮ ಇದು. ನಾನೀಗ ಸುಮ್ನೆ ಸೇರಿಸಿದ್ರೆ ಬೇಲಿನೇ ಎದ್ದು ಹೊಲ ಮೇಯ್ತು ಅಂತಾರೆ. ಅಳೆದೋಳು ತಂಗಿ, ಸೇರಿದೋನು ಅಣ್ಣ. ನೀವು ತಪ್ಪೊಪ್ಪಿ ಬರೆದುಕೊಟ್ರೆ ನಾನು ಇಡೀ ಅಳತೆ ರದ್ದು ಮಾಡ್ಬೇಕಾಗುತ್ತೆ. ಎಂಟು ಜನರ ಮಳಿಗೆನೂ ನಿಲ್ಲುತ್ತೆ. ಮತ್ತೆ ಸಭೆ ಒಪ್ಪಬೇಕು, ಒಪ್ಪುತ್ತೆ ಅಂತ ನಂಗೇನೂ ನಂಬಿಕೆ ಇಲ್ಲ. ನಿಮ್ಮ ಮೇಲೆ ವಿಚಾರಣೆ ಆಗುತ್ತೆ. ನಿವೃತ್ತಿಗೆ ಎಷ್ಟು ವರ್ಷ ಇದೆ ನಿಮಗೆ?"

"ನಾಲ್ಕು."

"ವಿಚಾರಣೆ ಅಂದ್ರೆ ಪಿಂಚಣಿನೂ ಅಲ್ಲೇ ನಿಲ್ಲುತ್ತೆ. ಯೋಚನೆ ಮಾಡಿ. ಬುಧವಾರ ಆಕ್ಷೇಪಣೆ ವಿಚಾರಣೆ ಇದೆ, ಅವತ್ತು ಹೇಳಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದು ಮಧ್ಯಾಹ್ನ ಅಣ್ಣನ ಪೆಟ್ಟಿಗೆಗೆ ಹೋದೆ. ಹಳೇ ಬೀಗಗಳ ಸಾಲಿನ ಕೆಳಗೆ ಗಿರಾಕಿಗಳಿಗೆಂದು ಇಟ್ಟಿದ್ದ ಸಣ್ಣ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವನು ಯಾವುದೋ ಹಿತ್ತಾಳೆಯ ಬೀಗದ ಕೈಯನ್ನು ಅರದಿಂದ ಉಜ್ಜುತ್ತಿದ್ದ. ನಾನು ಹೇಳಿ ಮುಗಿಸುವವರೆಗೂ ಉಜ್ಜುತ್ತಲೇ ಇದ್ದ.

"ನನ್ನ ಉಳಿಸೋಕೆ ಬಿಟ್ಟೆ" ಎಂದ ಕೊನೆಗೆ.

"ಹೌದು."

"ಎಂಟು ಜನರನ್ನ ಬರೆದೆ."

"ಹೌದಣ್ಣ."

"ಅವರನ್ನ ಎಬ್ಬಿಸ್ತಾರೆ ಅಂತ ಗೊತ್ತಿದ್ದೇ ಬರೆದೆ."

ಅವನು ಬೀಗದ ಕೈ ಊದಿ, ಬೆಳಕಿಗೆ ಹಿಡಿದು ನೋಡಿದ. ಅವನಿಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು. ನಮ್ಮ ಮನೆಯ ಕೋಪವೆಲ್ಲ ನನಗೇ ಬಂದುಬಿಟ್ಟಿದೆ.

"ಬುಧವಾರ ನಾನು ಎದ್ದು ನಿಂತು ಹೇಳ್ತೀನಿ" ಎಂದೆ. "ಅಳತೆ ಪುಸ್ತಕ ಇದೆ. ನಿನ್ನ ಪೆಟ್ಟಿಗೆ ಅಗಲ ಅದರಲ್ಲಿ ಬರೆದಿದ್ದೀನಿ, ಎರಡು ಹತ್ತು. ತಾರೀಖಿದೆ, ಸಹಿ ಇದೆ. ಯಾರೂ ಇಲ್ಲ ಅನ್ನೋಕಾಗಲ್ಲ."

"ಕೆಲಸ ಹೋಗುತ್ತಾ?"

"ಹೋದ್ರೆ ಹೋಗ್ಲಿ."

"ಅಜ್ಜಿ ಅಂಗಡಿ?"

"ಅದು ನಿಲ್ಲುತ್ತೆ. ಆಮೇಲೆ ಬರ್ಬೋದು, ಬರದೇನೂ ಇರ್ಬೋದು."

"ಸರಿ" ಎಂದ. "ಟೀ ಕುಡೀತೀಯಾ?"

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಎಂಟು ಅಂಗಡಿಯವರೂ ಮುಂದಿನ ಸಾಲಿನಲ್ಲಿದ್ದರು. ಟೇಪಣ್ಣ ಬಾಗಿಲ ಹತ್ತಿರ ನಿಂತಿದ್ದ. ಅಳತೆ ಪುಸ್ತಕ ನನ್ನ ಚೀಲದಲ್ಲಿತ್ತು, ಅದರೊಳಗೆ ನಾನು ಮೂರು ಸಲ ತಿದ್ದಿ ಬರೆದ ಒಂದು ಪುಟದ ತಪ್ಪೊಪ್ಪಿಗೆ ಇತ್ತು.

"ಬೀಗ ರಿಪೇರಿಯವರದ್ದು ಒಂದು ಆಕ್ಷೇಪಣೆ ಇದೆ" ಎಂದು ಓದಿದರು ಅಧಿಕಾರಿ. ಓದಿ ನನ್ನ ಕಡೆ ನೋಡಿದರು. ನಾನು ಚೀಲದ ಜಿಪ್ಪು ಎಳೆದೆ.

ಅಷ್ಟರಲ್ಲಿ ಅಣ್ಣ ಎದ್ದು ನಿಂತ.

"ಸ್ವಾಮಿ, ಅದು ನಮ್ಮನೆಯವಳು ಗೊತ್ತಿಲ್ಲದೆ ಕೊಟ್ಟಿದ್ದು. ವಾಪಸ್ ತಗೋತೀನಿ. ಅಳತೆ ಮಾಡಿದ ದಿನ ನನ್ನ ಪೆಟ್ಟಿಗೆ ಅಲ್ಲಿರಲಿಲ್ಲ."

"ಇರಲಿಲ್ವಾ?"

"ಇಲ್ಲ. ಅದಕ್ಕೆ ಚಕ್ರ ಇದೆ. ರಿಪೇರಿಗೆ ಅಂತ ಮನೆ ಹತ್ರ ತಳ್ಕೊಂಡು ಹೋಗಿದ್ದೆ."

ಆ ಚಕ್ರಗಳು ಎಷ್ಟೋ ವರ್ಷದಿಂದ ಒಂದು ಸುತ್ತೂ ಉರುಳಿಲ್ಲ ಎಂದು ಆ ಎಂಟು ಜನರಿಗೂ ಗೊತ್ತಿತ್ತು. ಹಣ್ಣಿನಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೊಬೈಲ್ ಕವರಿನವನು ತನ್ನ ಚಪ್ಪಲಿ ನೋಡಿಕೊಂಡ. ಅತ್ತಿಗೆ ಗಂಡನ ಅಂಗಿಯ ತುದಿ ಹಿಡಿದು ಕೆಳಕ್ಕೆ ಎಳೆಯುತ್ತಿದ್ದಳು, ಅವನು ಕೂರಲಿಲ್ಲ. ಕಿವಿ ಕೆಂಪಾಗಿತ್ತು. ಅರವತ್ತಮೂರು ವರ್ಷಕ್ಕೆ ಮೊದಲ ಸಲ ಊರಿನ ಮುಂದೆ ಸುಳ್ಳು ಹೇಳುತ್ತಿದ್ದ, ಅದೂ ನಾನು ಹೇಳಿಕೊಟ್ಟ ಸುಳ್ಳು.

ಅಧಿಕಾರಿ ಇನ್ನೊಮ್ಮೆ ನನ್ನ ಕಡೆ ನೋಡಿದರು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

ನಾನು ಏಳಲಿಲ್ಲ. ಎಂಟು ಜನರಿಗೋಸ್ಕರ ಏಳಲಿಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಎಂಟು ಜನ ಇರಲಿಲ್ಲ. ನನ್ನ ನಾಲ್ಕು ವರ್ಷ ಇತ್ತು, ನನ್ನ ಪಿಂಚಣಿ ಇತ್ತು, ಮತ್ತೆ ಅಣ್ಣನೇ ಹೇಳಿಬಿಟ್ಟನಲ್ಲ ಎಂಬ ಒಂದು ನಿರಾಳ ಇತ್ತು. ಆ ನಿರಾಳ ನೆನಪಾದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಚೀಲದ ಜಿಪ್ಪು ಹಾಗೇ ಮುಚ್ಚಿದೆ.

"ಹಾಗಾದ್ರೆ ಇದು ಮುಗೀತು" ಎಂದು ಅಧಿಕಾರಿ ಮುಂದಿನ ಕಾಗದ ಎತ್ತಿಕೊಂಡರು.

ಅಣ್ಣ ಒಂದು ವಾರ ತೆಗೆದುಕೊಂಡು ಪೆಟ್ಟಿಗೆ ಖಾಲಿ ಮಾಡಿದ. ಸಾಮಾನನ್ನೆಲ್ಲ ಎರಡೆರಡೇ ಚೀಲವಾಗಿ ಮೂರನೇ ಮಹಡಿಗೆ ಸಾಗಿಸಿದ. ನಾನು ಸಹಾಯಕ್ಕೆ ಹೋದರೆ ಬೇಡ ಎನ್ನಲಿಲ್ಲ, ಹಗುರವಾದ ಚೀಲ ನನ್ನ ಕೈಗೆ ಕೊಟ್ಟ. ಈಗ ಕಿಟಕಿಯ ಪಕ್ಕ ಒಂದು ಹಲಗೆ ಹಾಕಿಕೊಂಡು ಕೂರುತ್ತಾನೆ. ಕೆಳಗೆ ಬಾಗಿಲಲ್ಲಿ ಬೋರ್ಡು ತೂಗುಹಾಕಿದ್ದಾನೆ. ತಿಂಗಳಿಗೆ ಇಬ್ಬರೋ ಮೂವರೋ ಹತ್ತಿ ಬರುತ್ತಾರೆ. ಉಳಿದ ದಿನ ಹಳೇ ಬೀಗಗಳನ್ನು ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಜೋಡಿಸುತ್ತಾನೆ. ನಾನು ಹೋದರೆ "ಬಾ ಪುಟ್ಟಿ" ಎನ್ನುತ್ತಾನೆ, ಮೊದಲಿನ ದನಿಯಲ್ಲೇ. ಅತ್ತಿಗೆ ಟೀ ತಂದಿಟ್ಟು ಒಳಗೆ ಹೋಗುತ್ತಾಳೆ. ಒಂದು ದಿನ ಮಾತ್ರ ಮೆಟ್ಟಿಲವರೆಗೂ ನನ್ನ ಹಿಂದೆ ಬಂದಳು.

"ಆ ಮಾತು ಎತ್ತಬೇಡ ಅಂದಿದ್ದಾರೆ ನಿಮ್ಮಣ್ಣ" ಎಂದಳು. "ಅದಕ್ಕೇ ಎತ್ತುತ್ತಾ ಇಲ್ಲ. ಇಲ್ಲಾಂದ್ರೆ ನಂಗೂ ಬಾಯಿದೆ."

"ಎತ್ತು ಅತ್ತಿಗೆ" ಎಂದೆ.

ಅವಳು ಬಾಗಿಲು ಹಾಕಿಕೊಂಡಳು.

ಬೇಸಿಗೆಯ ಕೊನೆಯಲ್ಲಿ ಗೋಡೆಯ ಬುಡ ತೆರವು ಮಾಡಿದರು. ಪೆಟ್ಟಿಗೆಗೆ ಹಗ್ಗ ಕಟ್ಟಿ ಟ್ರಾಕ್ಟರಿನಿಂದ ಎಳೆದಾಗ ಮೇಲಿನ ಹಲಗೆಗಳೆಲ್ಲ ಕಿತ್ತುಬಂದವು, ಚಕ್ರಗಳು ನೆಲದಲ್ಲೇ ಉಳಿದವು. ಅಗೆದು ತೆಗೆಯಬೇಕಾಯಿತು. ಗೋಡೆಯ ಮೇಲೆ ಪೆಟ್ಟಿಗೆಯ ಅಗಲಕ್ಕೆ ಸರಿಯಾಗಿ ಬಿಸಿಲು ಕಾಣದ ಒಂದು ಬಿಳಿಚಿದ ಪಟ್ಟೆ ಇತ್ತು. ಮರುವಾರ ನೀರು ಚಿಮ್ಮಿಸಿ ಇಡೀ ಗೋಡೆಯನ್ನೇ ತೊಳೆದರು.

ಕಲ್ಲು ಹಾಸುವ ಮೊದಲು ಹಳೇ ಅಳತೆಯನ್ನು ಇನ್ನೊಮ್ಮೆ ತಾಳೆ ನೋಡಬೇಕೆಂದು ನಿಯಮವಿದೆ. ಅದಕ್ಕೊಂದು ಫಾರಂ ಇದೆ. ಬೆಳಿಗ್ಗೆಯೇ ಟೇಪಣ್ಣನೂ ನಾನೂ ಹೋದೆವು. ಎದುರು ಸಾಲಿನ ಹೊಸ ಮಳಿಗೆಯಲ್ಲಿ ಹಣ್ಣಿನಜ್ಜಿ ಕೂತಿದ್ದಳು. ನನ್ನನ್ನು ನೋಡಿ ಹಣ್ಣು ಒರೆಸತೊಡಗಿದಳು, ಕರೆಯಲಿಲ್ಲ. ಬಾಗಿಲಿಗೆ ಕಂಪನಿಯ ಹೊಸ ಬೀಗ ತೂಗುತ್ತಿತ್ತು.

ಟೇಪಣ್ಣ ಹೆಬ್ಬಾಗಿಲ ಕಲ್ಲಿಗೆ ಟೇಪಿನ ತುದಿ ಹಿಡಿದ. ನಾನು ಗೋಡೆಗುಂಟ ಎಳೆದುಕೊಂಡು ಹೋದೆ. ಈ ಸಲ ಎಲ್ಲೂ ನಿಲ್ಲಬೇಕಾಗಲಿಲ್ಲ, ಒಂದೇ ಎಳೆತಕ್ಕೆ ಬುರುಜು ಮುಟ್ಟಿತು. ಅಂಕಿ ಓದಿದೆ, ನಂಬದೆ ಇನ್ನೊಮ್ಮೆ ಓದಿದೆ.

"ಎಷ್ಟು ಮೇಡಂ?" ಎಂದು ಅವನು ಆ ತುದಿಯಿಂದ ಕೂಗಿ ಕೇಳಿದ.

"ಹದಿನಾಲ್ಕು ಅರವತ್ತು."

ಅವನು ಟೇಪು ಬಿಡಲಿಲ್ಲ. "ಸರಿಯಾಗೇ ಇದೆ ಅಲ್ವಾ" ಎಂದ.

ಫಾರಂನಲ್ಲಿ ಹಳೇ ಅಳತೆಗೆ ಒಂದು ಮನೆ, ಹೊಸ ಅಳತೆಗೆ ಒಂದು ಮನೆ, ಕೊನೆಯಲ್ಲಿ ವ್ಯತ್ಯಾಸ ಎಂದು ಇನ್ನೊಂದು ಮನೆ ಇರುತ್ತದೆ. ಎರಡು ಮನೆಗಳಲ್ಲಿ ಒಂದೇ ಅಂಕಿ ತುಂಬಿದೆ. ಮೂರನೆಯದರಲ್ಲಿ ಇಲ್ಲ ಎಂದು ಬರೆದು, ಕೆಳಗೆ ಸಹಿ ಮಾಡಿದೆ.